ನಿಮಗಿದು ಗೊತ್ತೇ?: ತಂಡ ಮಾಲೀಕರದು, ಸಾಲ ಊರಿನದು

ಅಮೆರಿಕದ ಕ್ರೀಡಾ ಸುದ್ದಿ ಓದುವವರಿಗೆ ಒಂದು ಸುದ್ದಿ ಮತ್ತೆ ಮತ್ತೆ ಎದುರಾಗುತ್ತದೆ. ಇಂಥ ತಂಡದ ಮಾಲೀಕರು ಹೊಸ ಕ್ರೀಡಾಂಗಣ ಬೇಕೆಂದಿದ್ದಾರೆ, ಇಂಥ ನಗರ ಇಷ್ಟು ಕೋಟಿ ಡಾಲರ್ ಕೊಡಲು ಒಪ್ಪಿದೆ. ಕೇಳುವವರು ನೂರಾರು ಕೋಟಿ ಡಾಲರ್ ಆಸ್ತಿಯ ಒಡೆಯರು. ಕೊಡುವ ಹಣ ಹೋಟೆಲ್ ಕೊಠಡಿಯ ಮೇಲಿನ ತೆರಿಗೆಯಿಂದ, ಸಿಗರೇಟಿನ ತೆರಿಗೆಯಿಂದ, ಅಂಗಡಿ ಬಿಲ್ಲಿನ ಕೊನೆಯಲ್ಲಿ ಪ್ರತಿ ಡಾಲರಿಗೆ ಸೇರುವ ಅರ್ಧ ಸೆಂಟಿನಿಂದ ಬಂದದ್ದು. ಹಳೆಯ ಕ್ರೀಡಾಂಗಣ ಕುಸಿದು ಬೀಳುತ್ತಿದೆಯೇ? ಬಹಳ ಸಲ ಇಲ್ಲ. ಹಾಗಾದರೆ ಯಾಕೆ?

● ಅಮೆರಿಕನ್ ಫುಟ್‌ಬಾಲ್‌ನ ಎನ್‌ಎಫ್‌ಎಲ್ ಲೀಗಿನಲ್ಲಿ 32 ತಂಡಗಳಿವೆ. ರಾಷ್ಟ್ರೀಯ ಟಿವಿ ಹಕ್ಕಿನ ಹಣ ಎಲ್ಲರಿಗೂ ಸಮಪಾಲು. 2021ರಲ್ಲಿ ಸಹಿಯಾದ 11 ವರ್ಷಗಳ ಟಿವಿ ಒಪ್ಪಂದಗಳ ಮೊತ್ತವೇ 10,000 ಕೋಟಿ ಡಾಲರ್ ದಾಟುತ್ತದೆ. ಸಾಮಾನ್ಯ ಟಿಕೆಟ್ ಹಣದಲ್ಲೂ ಒಂದು ಪಾಲು ಉಳಿದ ತಂಡಗಳಿಗೆ ಹೋಗುತ್ತದೆ. ಆದರೆ ಐಷಾರಾಮಿ ಬಾಕ್ಸ್‌ಗಳಿಗೆ ಕಂಪನಿಗಳು ತೆರುವ ಹೆಚ್ಚುವರಿ ಹಣ, ಕ್ರೀಡಾಂಗಣದ ಹೆಸರು ಮಾರಿ ಬಂದ ಹಣ, ಪಾರ್ಕಿಂಗ್ ಹಣ ಇವನ್ನು ಯಾರೊಂದಿಗೂ ಹಂಚಬೇಕಿಲ್ಲ. ಮಾಲೀಕರ ಹಟವೆಲ್ಲ ಇಲ್ಲಿಂದಲೇ ಶುರುವಾಗುತ್ತದೆ. ಆಟ ಚೆನ್ನಾಗಿ ಆಡಿದರೆ ಟಿವಿ ಹಣ ಹೆಚ್ಚುವುದಿಲ್ಲ, ಕಟ್ಟಡ ಬದಲಾದರೆ ಆದಾಯ ಹೆಚ್ಚುತ್ತದೆ.

● ಹೊಸ ಕ್ರೀಡಾಂಗಣದಲ್ಲಿ ಹೆಚ್ಚು ಜನಕ್ಕೆ ಜಾಗ ಸಿಗುತ್ತದೆ ಎಂದುಕೊಂಡಿದ್ದೀರಾ? ಬಫಲೊ ಬಿಲ್ಸ್ ತಂಡದ ಹಳೆಯ ಮೈದಾನದಲ್ಲಿ 71,000ಕ್ಕೂ ಹೆಚ್ಚು ಸೀಟುಗಳಿದ್ದವು. ಅದರ ಬದಲಿನ ಹೊಸದರಲ್ಲಿ ಸುಮಾರು 62,000. ಕಡಿಮೆಯಾಗುವುದು ಅಗ್ಗದ ಸೀಟುಗಳು. ಈ ಯೋಜನೆಗೆ 2022ರಲ್ಲಿ ನ್ಯೂಯಾರ್ಕ್ ರಾಜ್ಯ 60 ಕೋಟಿ ಡಾಲರ್, ಎರಿ ಕೌಂಟಿ 25 ಕೋಟಿ ಡಾಲರ್ ಕೊಡಲು ಒಪ್ಪಿದವು. ಕೌಂಟಿ ಅಂದರೆ ಹೆಚ್ಚುಕಡಿಮೆ ನಮ್ಮ ಜಿಲ್ಲೆ. ತೆರಿಗೆ ಕಟ್ಟಿದ ಕಾರ್ಮಿಕನೇ ಅಭಿಮಾನಿಯೂ ಆಗಿದ್ದರೆ ತನ್ನ ಹಣದಲ್ಲಿ ಎದ್ದ ಕಟ್ಟಡದೊಳಗೆ ಅವನಿಗೇ ಜಾಗ ಕಡಿಮೆ.

● ಅದೇ ಬಫಲೊದಲ್ಲಿ 1973ರಲ್ಲಿ ರಿಚ್ ಎಂಬ ಆಹಾರ ಕಂಪನಿ ಕ್ರೀಡಾಂಗಣಕ್ಕೆ ತನ್ನ ಹೆಸರಿಡಿಸಲು 25 ವರ್ಷಗಳಿಗೆ 15 ಲಕ್ಷ ಡಾಲರ್ ಕೊಟ್ಟಿತ್ತು. ಹಣ ಹೋದದ್ದು ಕ್ರೀಡಾಂಗಣದ ಒಡೆಯನಾದ ಕೌಂಟಿಗೆ. ಈಗ ಕಟ್ಟಡ ಸರ್ಕಾರದ್ದಾಗಿದ್ದರೂ ಹೆಸರಿನ ಹಣ ಸಾಮಾನ್ಯವಾಗಿ ತಂಡದ ಖಾತೆಗೇ ಬೀಳುತ್ತದೆ.

● ಸೀಸನ್ ಟಿಕೆಟ್ ಕೊಳ್ಳುವ ಮೊದಲು, ಆ ಟಿಕೆಟ್ ಕೊಳ್ಳುವ ಹಕ್ಕನ್ನೇ ಸಾವಿರಾರು ಡಾಲರ್ ತೆತ್ತು ಕೊಳ್ಳಬೇಕಾದ ಕ್ರೀಡಾಂಗಣಗಳಿವೆ. ಸೀಟ್ ಲೈಸೆನ್ಸ್ ಎಂಬ ಈ ಬಾಬ್ತಿನಿಂದ ಬಂದ ಹಣವನ್ನು ಬಹಳ ಕಡೆ 'ಮಾಲೀಕರ ಪಾಲಿನ ಬಂಡವಾಳ'ದ ಲೆಕ್ಕಕ್ಕೆ ಬರೆಯಲಾಗುತ್ತದೆ.

● ಹೊಸ ಕಟ್ಟಡ ಎದ್ದ ಕೂಡಲೇ ತಂಡದ ಮಾರಾಟ ಬೆಲೆ ಏರುತ್ತದೆ. ಜಾರ್ಜ್ ಡಬ್ಲ್ಯು. ಬುಷ್ ಅಧ್ಯಕ್ಷರಾಗುವ ಮೊದಲು ಟೆಕ್ಸಸ್ ರೇಂಜರ್ಸ್ ಬೇಸ್‌ಬಾಲ್ ತಂಡದ ಪಾಲುದಾರರಾಗಿದ್ದರು. 1989ರಲ್ಲಿ ಅವರು ಹಾಕಿದ್ದು ಸುಮಾರು 6 ಲಕ್ಷ ಡಾಲರ್. 1991ರಲ್ಲಿ ಆರ್ಲಿಂಗ್ಟನ್ ಊರಿನ ಮತದಾರರು ಅರ್ಧ ಸೆಂಟ್ ಮಾರಾಟ ತೆರಿಗೆಗೆ ಒಪ್ಪಿದರು. ಆ ತೆರಿಗೆಯ ನೆರವಿನಿಂದ 1994ರಲ್ಲಿ ಹೊಸ ಕ್ರೀಡಾಂಗಣ ಬಾಗಿಲು ತೆರೆಯಿತು. 1998ರಲ್ಲಿ ತಂಡ ಮಾರಿದಾಗ ಬುಷ್ ಕೈಗೆ ಬಂದದ್ದು ಸುಮಾರು 1.49 ಕೋಟಿ ಡಾಲರ್. ಆ ಕ್ರೀಡಾಂಗಣ ಬಾಳಿದ್ದು 26 ಸೀಸನ್ ಮಾತ್ರ. ಬಿಸಿಲು ತಡೆಯುವ ಚಾವಣಿ ಬೇಕೆಂಬ ಕಾರಣಕ್ಕೆ 2020ರಲ್ಲಿ ಪಕ್ಕದಲ್ಲೇ ಇನ್ನೊಂದು ಎದ್ದಿತು. ಅದಕ್ಕೂ ಊರಿನ ಪಾಲು 50 ಕೋಟಿ ಡಾಲರ್‌ವರೆಗೆ.

● ಮಯಾಮಿಯ ಕಥೆ ಇನ್ನೂ ಕಹಿ. ಜೆಫ್ರಿ ಲೋರಿಯಾ 2002ರಲ್ಲಿ ಮಾರ್ಲಿನ್ಸ್ ಬೇಸ್‌ಬಾಲ್ ತಂಡವನ್ನು 15.8 ಕೋಟಿ ಡಾಲರ್‌ಗೆ ಕೊಂಡರು. 2012ರಲ್ಲಿ ಹೊಸ ಕ್ರೀಡಾಂಗಣ ಸಿಕ್ಕಿತು, ಹೆಚ್ಚಿನ ಹಣ ಸಾರ್ವಜನಿಕರದು. ಕೌಂಟಿ ಎತ್ತಿದ ಬಾಂಡ್‌ಗಳಲ್ಲಿ ಒಂದರ ಅಸಲು 9.1 ಕೋಟಿ ಡಾಲರ್. ಕಂತು ಮುಂದೂಡಿ ಮುಂದೂಡಿ ಅದು ತೀರುವ ಹೊತ್ತಿಗೆ ಕಟ್ಟಬೇಕಾದ್ದು 100 ಕೋಟಿಗೂ ಮಿಕ್ಕಿ. ಸಿಟ್ಟಿಗೆದ್ದ ಜನ 2011ರಲ್ಲಿ ಕೌಂಟಿಯ ಮೇಯರ್ ಕಾರ್ಲೋಸ್ ಅಲ್ವಾರೆಜ್ ಅವರನ್ನು ಮತ ಹಾಕಿ ವಾಪಸ್ ಕರೆಸಿಕೊಂಡರು. ನೂರಕ್ಕೆ 88 ಮತ ಅವರ ವಿರುದ್ಧ ಬಿದ್ದವು. 2017ರಲ್ಲಿ ಲೋರಿಯಾ ತಂಡವನ್ನು 120 ಕೋಟಿ ಡಾಲರ್‌ಗೆ ಮಾರಿದರು. ಸಾಲ ಮಾತ್ರ ಊರಲ್ಲೇ ಉಳಿಯಿತು.

● ತಂಡ ಕೊಂಡವರು ಕೊಟ್ಟ ಬೆಲೆಯ ಬಹುಪಾಲನ್ನು 15 ವರ್ಷಗಳಲ್ಲಿ ಸವಕಳಿ ಎಂದು ತೋರಿಸಿ ಆದಾಯ ತೆರಿಗೆ ಇಳಿಸಿಕೊಳ್ಳಬಹುದು. ತಂಡದ ಬೆಲೆ ವರ್ಷವರ್ಷ ಏರುತ್ತಿರುವಾಗಲೂ ಕಾಗದದ ಮೇಲೆ ಅದು ಸವೆಯುತ್ತಲೇ ಇರುತ್ತದೆ.

● ಇಷ್ಟಾದರೂ ನಗರಗಳು ಒಪ್ಪುವುದೇಕೆ? ತಂಡಗಳು ಕಡಿಮೆ, ಬೇಕೆನ್ನುವ ಊರುಗಳು ಹೆಚ್ಚು. ಹೊಸ ತಂಡ ಹುಟ್ಟಬೇಕೇ ಬೇಡವೇ ಎಂಬುದನ್ನು ಈಗಿನ ಮಾಲೀಕರೇ ತೀರ್ಮಾನಿಸುತ್ತಾರೆ. ಎನ್‌ಎಫ್‌ಎಲ್ ಕೊನೆಯದಾಗಿ ಹೊಸ ತಂಡ ಸೇರಿಸಿಕೊಂಡದ್ದು 2002ರಲ್ಲಿ, ಹ್ಯೂಸ್ಟನ್‌ಗೆ. ಬೇಸ್‌ಬಾಲ್‌ಗಂತೂ ಏಕಸ್ವಾಮ್ಯ ತಡೆ ಕಾನೂನಿನಿಂದ 1922ರಲ್ಲಿ ಸುಪ್ರೀಂ ಕೋರ್ಟೇ ವಿನಾಯಿತಿ ಕೊಟ್ಟಿದೆ. ಅಮೆರಿಕದ ಎರಡನೇ ದೊಡ್ಡ ನಗರ ಲಾಸ್ ಏಂಜಲೀಸ್‌ನಲ್ಲಿ 1995ರಿಂದ 2015ರವರೆಗೆ, ಅಂದರೆ 21 ಸೀಸನ್, ಒಂದೂ ಎನ್‌ಎಫ್‌ಎಲ್ ತಂಡ ಇರಲಿಲ್ಲ. ಆ ಖಾಲಿ ಊರನ್ನು ತೋರಿಸಿ 'ಕೊಡದಿದ್ದರೆ ಅಲ್ಲಿಗೆ ಹೋಗುತ್ತೇವೆ' ಎಂದು ಎಷ್ಟೋ ಮಾಲೀಕರು ತಮ್ಮೂರಿನಿಂದ ಹಣ ಪಡೆದರು.

● ಫ್ಲಾರಿಡಾದ ಸೇಂಟ್ ಪೀಟರ್ಸ್‌ಬರ್ಗ್ ತಂಡವೇ ಇಲ್ಲದೆ ಗುಮ್ಮಟದ ಕ್ರೀಡಾಂಗಣ ಕಟ್ಟಲು ಹೊರಟಿತ್ತು. ಶಿಕಾಗೊ ವೈಟ್ ಸಾಕ್ಸ್ ಬೇಸ್‌ಬಾಲ್ ತಂಡದ ಮಾಲೀಕರು ಅಲ್ಲಿಗೆ ಹೊರಡುತ್ತೇವೆ ಎಂದರು. 1988ರ ಜೂನ್ 30ರ ರಾತ್ರಿ ಇಲಿನಾಯ್ ಶಾಸನಸಭೆಯ ಅಧಿವೇಶನ ಮುಗಿಯಬೇಕು. ಹೊಸ ಕ್ರೀಡಾಂಗಣಕ್ಕೆ ಹಣ ಕೊಡುವ ಮಸೂದೆ ಪಾಸಾಗಲು ಗಡುವು ಮಧ್ಯರಾತ್ರಿ. ರಾಜ್ಯಪಾಲ ಜೇಮ್ಸ್ ಥಾಂಪ್ಸನ್ ಸದನದೊಳಗೇ ಇಳಿದು ಸದಸ್ಯರನ್ನು ಒಬ್ಬೊಬ್ಬರಾಗಿ ಒಲಿಸುತ್ತಿದ್ದರು. ಮತ ಬೀಳುವಾಗ ಹನ್ನೆರಡು ಕಳೆದು ಕೆಲವು ನಿಮಿಷಗಳಾಗಿದ್ದವು, ಕಡತದಲ್ಲಿ ಮಾತ್ರ 11.59 ಎಂದು ದಾಖಲಾಯಿತು. ತಂಡ ಶಿಕಾಗೊದಲ್ಲೇ ಉಳಿಯಿತು, 1991ರಲ್ಲಿ ಹೊಸ ಕ್ರೀಡಾಂಗಣ ಸಿಕ್ಕಿತು. 2024ರಲ್ಲಿ ಅದೇ ತಂಡ ಇನ್ನೊಂದು ಹೊಸ ಕ್ರೀಡಾಂಗಣದ ನಕ್ಷೆ ಹಿಡಿದು ಸರ್ಕಾರದ ಮುಂದೆ ಬಂತು. ಫ್ಲಾರಿಡಾದ ಗುಮ್ಮಟ 1990ರಲ್ಲಿ ತೆರೆದು, ಸ್ವಂತ ಬೇಸ್‌ಬಾಲ್ ತಂಡಕ್ಕಾಗಿ 1998ರವರೆಗೆ ಕಾಯಿತು. 2024ರ ಅಕ್ಟೋಬರ್‌ನಲ್ಲಿ ಮಿಲ್ಟನ್ ಚಂಡಮಾರುತ ಅದರ ಚಾವಣಿಯನ್ನು ಹರಿದು ಹಾಕಿತು.

● 1984ರ ಮಾರ್ಚ್ 28ರ ರಾತ್ರಿ ಬಾಲ್ಟಿಮೋರ್‌ನಲ್ಲಿ ಹಿಮ ಬೀಳುತ್ತಿತ್ತು. ಕೋಲ್ಟ್ಸ್ ಫುಟ್‌ಬಾಲ್ ತಂಡದ ಕಚೇರಿ ಮುಂದೆ ಮನೆ ಸಾಮಾನು ಸಾಗಿಸುವ ಕಂಪನಿಯ ಟ್ರಕ್‌ಗಳು ಸಾಲಾಗಿ ನಿಂತವು. ತಂಡವನ್ನೇ ಸ್ವಾಧೀನಪಡಿಸಿಕೊಳ್ಳುವ ಕಾನೂನಿಗೆ ಮೇರಿಲ್ಯಾಂಡ್ ಶಾಸನಸಭೆ ತಯಾರಿ ನಡೆಸಿತ್ತು. ಅದು ಜಾರಿಯಾಗುವ ಮುನ್ನ ಮಾಲೀಕ ರಾಬರ್ಟ್ ಇರ್ಸೆ ಹೆಲ್ಮೆಟ್ಟು, ಕಡತ, ಉಪಕರಣಗಳನ್ನೆಲ್ಲ ಹೇರಿಸಿ ಇಂಡಿಯಾನಾಪೊಲಿಸ್‌ಗೆ ಕಳಿಸಿಬಿಟ್ಟರು. ಬೆಳಗ್ಗೆ ಎದ್ದ ಊರಿಗೆ ತಂಡ ಇರಲಿಲ್ಲ. ಮೂವತ್ತು ವರ್ಷ ಪ್ರೀತಿಯಿಂದ ಪೋಷಿಸಿದ ತಂಡ ಅದು. ಆ ನೋವು ಕಂಡ ಬೇರೆ ಊರುಗಳು ಮುಂದೆ ಮಾಲೀಕರ ಒಂದೊಂದು ಮಾತಿಗೂ ಬೆದರಿದ್ದರಲ್ಲಿ ಆಶ್ಚರ್ಯವಿಲ್ಲ.

● ಹನ್ನೊಂದು ವರ್ಷಗಳ ನಂತರ ಅದೇ ಬಾಲ್ಟಿಮೋರ್ ಕ್ಲೀವ್‌ಲ್ಯಾಂಡಿನ ತಂಡವನ್ನು ಸೆಳೆದುಕೊಂಡಿತು. ಆ ಬ್ರೌನ್ಸ್ ಫುಟ್‌ಬಾಲ್ ತಂಡದ ಮಾಲೀಕ ಆರ್ಟ್ ಮೊಡೆಲ್ ಹೊರಡುವುದಾಗಿ ಪ್ರಕಟಿಸಿದ್ದು 1995ರ ನವೆಂಬರ್ 6ರಂದು. ಮರುದಿನವೇ ಕ್ಲೀವ್‌ಲ್ಯಾಂಡ್ ಮತದಾರರು ಕ್ರೀಡಾಂಗಣ ದುರಸ್ತಿಗಾಗಿ ಮದ್ಯ, ತಂಬಾಕಿನ ಮೇಲಿನ ತೆರಿಗೆ ಮುಂದುವರಿಸಲು ಭಾರಿ ಬಹುಮತದಿಂದ ಒಪ್ಪಿಗೆ ಕೊಟ್ಟರು. ಆದರೂ ಮೊಡೆಲ್ ಹೊರಟರು. ಊರು ನ್ಯಾಯಾಲಯಕ್ಕೆ ಹೋಗಿ ತಂಡದ ಹೆಸರು, ಬಣ್ಣ, ದಾಖಲೆಗಳನ್ನು ಉಳಿಸಿಕೊಂಡಿತು. 1999ರಲ್ಲಿ ಆ ಹೆಸರಿನ ಹೊಸ ತಂಡವೂ ಹೊಸ ಕ್ರೀಡಾಂಗಣವೂ ಬಂದವು. ಈಗ ಆ ಬ್ರೌನ್ಸ್ ಕೂಡ ಪಕ್ಕದ ಬ್ರೂಕ್ ಪಾರ್ಕ್ ಊರಿನಲ್ಲಿ ಇನ್ನೊಂದು ಕಟ್ಟಬೇಕೆಂದಿದೆ. ಅದಕ್ಕೆ 2025ರ ಬಜೆಟ್‌ನಲ್ಲಿ ಓಹಾಯೊ ರಾಜ್ಯ ಎತ್ತಿಟ್ಟ 60 ಕೋಟಿ ಡಾಲರ್ ಎಲ್ಲಿಂದ ಬಂತು ಗೊತ್ತೇ? ಜನ ಮರೆತುಬಿಟ್ಟ ಬ್ಯಾಂಕ್ ಖಾತೆಗಳು, ಕೇಳದೆ ಉಳಿದ ಠೇವಣಿಗಳಿಂದ! ಅದು ನಮ್ಮ ಹಣ ಎಂದು ನಾಗರಿಕರು ಮೊಕದ್ದಮೆ ಹೂಡಿದರು.

● ಕರಾರು ಪತ್ರದ ಒಂದು ಸಾಲು ಊರನ್ನು ಹೇಗೆ ಕಟ್ಟಿಹಾಕುತ್ತದೆ ಎಂಬುದಕ್ಕೆ ಸೇಂಟ್ ಲೂಯಿಸ್ ನೋಡಬೇಕು. 1995ರಲ್ಲಿ ರ‍್ಯಾಮ್ಸ್ ಫುಟ್‌ಬಾಲ್ ತಂಡವನ್ನು ಕರೆತರಲು ಅಲ್ಲಿನವರು ಸಂಪೂರ್ಣ ಸರ್ಕಾರಿ ಹಣದಲ್ಲಿ ಕಟ್ಟಿದ ಗುಮ್ಮಟ ಕೊಟ್ಟರು. ಕರಾರಿನಲ್ಲಿ ಒಂದು ಷರತ್ತಿತ್ತು: 2005ರಲ್ಲಿ ಮತ್ತು 2015ರಲ್ಲಿ ಈ ಕ್ರೀಡಾಂಗಣ ಲೀಗಿನ ಅತ್ಯುತ್ತಮ ಕಾಲುಭಾಗದೊಳಗೆ ಇರಬೇಕು, ಇಲ್ಲದಿದ್ದರೆ ತಂಡಕ್ಕೆ ಬಿಟ್ಟು ಹೋಗುವ ಹಕ್ಕು. ಬೇರೆ ಊರುಗಳು ಹೊಸದು ಕಟ್ಟಿದಷ್ಟೂ ಇವರದು ಕೆಳಗಿಳಿಯುತ್ತಿತ್ತು. 2013ರಲ್ಲಿ ಮಧ್ಯಸ್ಥಿಕೆ ತೀರ್ಪು ತಂಡದ ಪರ ಬಂತು. 2016ರಲ್ಲಿ ಮಾಲೀಕ ಸ್ಟ್ಯಾನ್ ಕ್ರೋಂಕಿ ತಂಡವನ್ನು ಲಾಸ್ ಏಂಜಲೀಸ್‌ಗೆ ಒಯ್ದರು. ಊರು ಸುಮ್ಮನಿರಲಿಲ್ಲ. ಸ್ಥಳಾಂತರದ ಬಗ್ಗೆ ಲೀಗ್ ತಾನೇ ಬರೆದುಕೊಂಡ ನಿಯಮ ಮುರಿದಿದೆ ಎಂದು ದಾವೆ ಹೂಡಿ, 2021ರಲ್ಲಿ 79 ಕೋಟಿ ಡಾಲರ್ ಪರಿಹಾರ ಪಡೆಯಿತು. ಇಂಥ ಗೆಲುವು ಬಹಳ ಅಪರೂಪ. ಆ ಸಾರ್ವಜನಿಕ ಹಟ ನನಗೆ ತುಂಬ ಹಿಡಿಸಿದ ಸಂಗತಿ.

● ಸಿನ್ಸಿನಾಟಿಯ ಕರಾರು ಇನ್ನೂ ಒಂದು ಹೆಜ್ಜೆ ಮುಂದೆ. 1996ರಲ್ಲಿ ಹ್ಯಾಮಿಲ್ಟನ್ ಕೌಂಟಿಯ ಜನ ಅರ್ಧ ಸೆಂಟ್ ತೆರಿಗೆಗೆ ಒಪ್ಪಿದ್ದು ಮನೆ ತೆರಿಗೆ ಇಳಿಯುತ್ತದೆ ಎಂಬ ಮಾತು ನಂಬಿ. ಬೆಂಗಾಲ್ಸ್ ಫುಟ್‌ಬಾಲ್ ತಂಡದೊಂದಿಗಿನ ಒಪ್ಪಂದದ ಪ್ರಕಾರ, ಮುಂದೆ ಬರುವ ಹೊಸ ತಂತ್ರಜ್ಞಾನವನ್ನೂ ಕೌಂಟಿಯೇ ಕೊಂಡುಕೊಡಬೇಕಿತ್ತು. ಆಗಿನ್ನೂ ಯಾರೂ ಕಾಣದ 'ಹೊಲೊಗ್ರಾಫಿಕ್ ರೀಪ್ಲೇ' ಸಾಧನವೂ ಪಟ್ಟಿಯಲ್ಲಿತ್ತು. ತೆರಿಗೆ ಆದಾಯ ಅಂದುಕೊಂಡಷ್ಟು ಬರಲಿಲ್ಲ. ಮನೆ ತೆರಿಗೆಯ ರಿಯಾಯಿತಿ ಕತ್ತರಿಸಬೇಕಾಯಿತು, ಕೊನೆಗೆ ಕೌಂಟಿ ತನ್ನ ಸಾರ್ವಜನಿಕ ಆಸ್ಪತ್ರೆಯೊಂದನ್ನೂ ಮಾರಿತು.

● ಕಟ್ಟಡ ಹೋದರೂ ಸಾಲ ಹೋಗದು. ಸಿಯಾಟಲ್‌ನ ಕಿಂಗ್‌ಡೋಮ್ ಅನ್ನು ಸ್ಫೋಟಕ ಇಟ್ಟು ನೆಲಸಮ ಮಾಡಿದ್ದು 2000ದ ಮಾರ್ಚ್ 26ರಂದು. ಅದರ ಸಾಲ ತೀರಿದ್ದು 2015ರಲ್ಲಿ.

● ಮಿಶಿಗನ್‌ನ ಪಾಂಟಿಯಾಕ್ ಊರು 1975ರಲ್ಲಿ 5.57 ಕೋಟಿ ಡಾಲರ್ ಸುರಿದು ಕಟ್ಟಿಸಿದ ಸಿಲ್ವರ್‌ಡೋಮ್ 2009ರ ಹರಾಜಿನಲ್ಲಿ ಹೋದದ್ದು 5.83 ಲಕ್ಷ ಡಾಲರ್‌ಗೆ.

● ಡೆಟ್ರಾಯಿಟ್ ನಗರ ದಿವಾಳಿ ಅರ್ಜಿ ಹಾಕಿದ್ದು 2013ರ ಜುಲೈ 18ರಂದು. ಐಸ್ ಹಾಕಿ ತಂಡದ ಹೊಸ ಅಖಾಡಕ್ಕೆ ಸಾರ್ವಜನಿಕ ಹಣ ಒದಗಿಸುವ ಯೋಜನೆಗೆ ರಾಜ್ಯದ ಮಂಡಳಿ ಒಪ್ಪಿಗೆ ಕೊಟ್ಟದ್ದು ಅದರ ಮರುವಾರ. ಪಿಂಚಣಿ ಕಡಿತವಾದೀತೆಂದು ನಿವೃತ್ತ ನೌಕರರು ಕಂಗಾಲಾಗಿದ್ದ ದಿನಗಳು ಅವು.

● ಸದುದ್ದೇಶದ ಕಾನೂನು ತಿರುಗಿ ಬಿದ್ದದ್ದೂ ಉಂಟು. ಕ್ರೀಡಾಂಗಣಗಳಿಗೆ ತೆರಿಗೆ ಮುಕ್ತ ಬಾಂಡ್ ಸಿಗದಿರಲೆಂದು ಅಮೆರಿಕ ಸಂಸತ್ತು 1986ರಲ್ಲಿ ಕಾನೂನು ತಿದ್ದಿತು. ಸಾಲದ ಕಂತಿನಲ್ಲಿ ಶೇ. 10ಕ್ಕಿಂತ ಹೆಚ್ಚು ಭಾಗ ಕ್ರೀಡಾಂಗಣದ ಆದಾಯದಿಂದ ಬರುವಂತಿದ್ದರೆ ವಿನಾಯಿತಿ ಇಲ್ಲ ಎಂದಿತು. ನಗರಗಳು ಏನು ಮಾಡಿದವು? ತಂಡದಿಂದ ಬಾಡಿಗೆ ಕೇಳುವುದನ್ನೇ ಬಿಟ್ಟು ಶೇ. 90ನ್ನು ತಮ್ಮ ತೆರಿಗೆಯಿಂದ ಕಟ್ಟತೊಡಗಿದವು! ಬ್ರೂಕಿಂಗ್ಸ್ ಸಂಸ್ಥೆ 2016ರಲ್ಲಿ ಲೆಕ್ಕ ಹಾಕಿದಂತೆ, 2000ದಿಂದ ಆಚೆಗೆ 36 ಕ್ರೀಡಾಂಗಣಗಳು ಇಂಥ ಬಾಂಡ್ ಬಳಸಿವೆ, ಕೇಂದ್ರ ಸರ್ಕಾರದ ಬೊಕ್ಕಸಕ್ಕೆ ಆದ ನಷ್ಟ 370 ಕೋಟಿ ಡಾಲರ್. ತನ್ನೂರಿನಲ್ಲಿ ತಂಡವೇ ಇಲ್ಲದ ರೈತನೂ ಇದರಲ್ಲಿ ಪಾಲು ಕೊಟ್ಟಂತಾಯಿತು.

● 'ಕೆಲಸ ಸಿಗುತ್ತದೆ, ವ್ಯಾಪಾರ ಹೆಚ್ಚುತ್ತದೆ' ಎಂಬುದು ಪ್ರತಿ ಯೋಜನೆಯ ಮುಖಪುಟದಲ್ಲೂ ಇರುವ ಮಾತು. ಅರ್ಥಶಾಸ್ತ್ರಜ್ಞರು ಮೂವತ್ತು ವರ್ಷಗಳಿಂದ ಇದನ್ನು ಪರೀಕ್ಷಿಸುತ್ತ ಬಂದಿದ್ದಾರೆ. ರೋಜರ್ ನೋಲ್ ಮತ್ತು ಆಂಡ್ರ್ಯೂ ಝಿಂಬಲಿಸ್ಟ್ 1997ರಲ್ಲಿ ಸಂಪಾದಿಸಿದ ಪುಸ್ತಕದಿಂದ ಹಿಡಿದು ಇತ್ತೀಚಿನ ಸಮೀಕ್ಷೆಗಳವರೆಗೆ ಉತ್ತರ ಹೆಚ್ಚುಕಡಿಮೆ ಒಂದೇ: ಹಾಕಿದ ಸಾರ್ವಜನಿಕ ಹಣ ಮರಳಿ ಬರುವುದಿಲ್ಲ. ಕಾರಣ ಸರಳ. ಒಂದು ಸಂಸಾರ ತಿಂಗಳಿಗೆ ಮನರಂಜನೆಗೆಂದು ಎತ್ತಿಡುವ ಹಣ ಇಷ್ಟೇ. ಪಂದ್ಯಕ್ಕೆ ಹೋದವರು ಆ ವಾರ ಸಿನಿಮಾಕ್ಕೆ ಹೋಗುವುದಿಲ್ಲ, ಬಡಾವಣೆಯ ಹೋಟೆಲಿನಲ್ಲಿ ಊಟ ಮಾಡುವುದಿಲ್ಲ. ಅದು ಒಂದು ಜೇಬಿನಿಂದ ತೆಗೆದು ಇನ್ನೊಂದು ಜೇಬಿಗೆ ಹಾಕಿದ ಹಾಗೆ. ಹೋಟೆಲಿನ ದುಡ್ಡು ಊರಲ್ಲೇ ಓಡಾಡುತ್ತಿತ್ತು, ಟಿಕೆಟಿನ ದುಡ್ಡಿನ ದೊಡ್ಡ ಪಾಲು ಆಟಗಾರರ ಸಂಬಳವಾಗಿ ಬೇರೆ ಊರು ಸೇರುತ್ತದೆ. ಇನ್ನು ಎನ್‌ಎಫ್‌ಎಲ್ ತಂಡವೊಂದು ತವರಿನಲ್ಲಿ ಆಡುವ ಲೀಗ್ ಪಂದ್ಯಗಳು ವರ್ಷಕ್ಕೆ ಎಂಟೋ ಒಂಬತ್ತೋ. ಉಳಿದ ದಿನ ಆ ಗೇಟಿನಲ್ಲಿ ಟಿಕೆಟ್ ಹರಿಯುವವನಿಗೆ ಕೆಲಸವೆಲ್ಲಿ?

● ಹಾಗಾದರೆ ಸ್ವಂತ ಹಣದಲ್ಲಿ ಕಟ್ಟಲಾಗದೇ? ಆಗುತ್ತದೆ. ಬ್ಯಾಸ್ಕೆಟ್‌ಬಾಲ್‌ನ ಗೋಲ್ಡನ್ ಸ್ಟೇಟ್ ವಾರಿಯರ್ಸ್ 2019ರಲ್ಲಿ ಸ್ಯಾನ್ ಫ್ರಾನ್ಸಿಸ್ಕೊದ ಚೇಸ್ ಸೆಂಟರನ್ನು ಸುಮಾರು 140 ಕೋಟಿ ಡಾಲರ್ ಖಾಸಗಿ ಹಣದಲ್ಲೇ ಕಟ್ಟಿತು. ಸಿಯಾಟಲ್ ಇನ್ನೂ ಒಳ್ಳೆಯ ಸಾಕ್ಷಿ. ಅಲ್ಲಿನ ಸೂಪರ್‌ಸಾನಿಕ್ಸ್ ತಂಡ, 1995ರಲ್ಲಷ್ಟೇ ನವೀಕರಿಸಿದ ಅಖಾಡ ಸಾಲದು, ಸರ್ಕಾರ ಹೊಸದು ಕೊಡಲಿ ಎಂದು ಪಟ್ಟು ಹಿಡಿದಿತ್ತು. ಸಿಗದಿದ್ದಾಗ 41 ವರ್ಷದ ನಂಟು ಮುರಿದು 2008ರಲ್ಲಿ ಒಕ್ಲಹೋಮ ಸಿಟಿಗೆ ಹೋಯಿತು. 2021ರಲ್ಲಿ ಅದೇ ಜಾಗದಲ್ಲಿ, 1962ರ ಅದೇ ಹಳೆಯ ಚಾವಣಿಯನ್ನು ಉಳಿಸಿಕೊಂಡು, ಕೆಳಗೆ ಹೊಸ ಅಖಾಡ ಕಟ್ಟಿದರು. ಹಣ ಖಾಸಗಿಯವರದು.

● ತಂಡವನ್ನು ಬರಮಾಡಿಕೊಂಡ ಒಕ್ಲಹೋಮ ಸಿಟಿ? 2023ರ ಡಿಸೆಂಬರ್‌ನಲ್ಲಿ ಅಲ್ಲಿನ ಶೇ. 71 ಮತದಾರರು ಕನಿಷ್ಠ 90 ಕೋಟಿ ಡಾಲರಿನ ಹೊಸ ಅಖಾಡಕ್ಕೆ ಒಂದು ಸೆಂಟ್ ತೆರಿಗೆ ಒಪ್ಪಿಕೊಂಡರು. ಮಾಲೀಕರ ಪಾಲು 5 ಕೋಟಿ.

● ಈಗೀಗ ಮಾಲೀಕರ ಕಣ್ಣು ಕ್ರೀಡಾಂಗಣಕ್ಕಿಂತ ಅದರ ಸುತ್ತಲ ಜಮೀನಿನ ಮೇಲೆ. ಅಟ್ಲಾಂಟಾ ಬ್ರೇವ್ಸ್ ಬೇಸ್‌ಬಾಲ್ ತಂಡ 1996ರ ಒಲಿಂಪಿಕ್ಸ್‌ಗೆ ಕಟ್ಟಿದ್ದ ಕ್ರೀಡಾಂಗಣದಲ್ಲಿ ಕೇವಲ 20 ಸೀಸನ್ ಆಡಿ, 2017ರಲ್ಲಿ ಊರ ಹೊರಗಿನ ಕಾಬ್ ಕೌಂಟಿಗೆ ಹೋಯಿತು. ಕೌಂಟಿ ಸುಮಾರು 30 ಕೋಟಿ ಡಾಲರ್ ಕೊಟ್ಟಿತು. ಮೈದಾನಕ್ಕೆ ಅಂಟಿಕೊಂಡೇ ಅಂಗಡಿ, ಹೋಟೆಲ್, ಕಚೇರಿ, ಅಪಾರ್ಟ್‌ಮೆಂಟುಗಳ ಬಡಾವಣೆ ಎದ್ದಿತು. ಪಂದ್ಯವಿಲ್ಲದ ದಿನವೂ ಅಲ್ಲಿಂದ ತಂಡಕ್ಕೆ ಬಾಡಿಗೆ ಬರುತ್ತದೆ.

● ಮುಂಬೈಯಲ್ಲಿ ಹುಟ್ಟಿದ ವಿವೇಕ್ ರಣದಿವೆ 2013ರಲ್ಲಿ ಸ್ಯಾಕ್ರಮೆಂಟೊ ಕಿಂಗ್ಸ್ ಬ್ಯಾಸ್ಕೆಟ್‌ಬಾಲ್ ತಂಡ ಕೊಂಡವರ ಗುಂಪಿನ ಮುಖ್ಯಸ್ಥ. ಸಿಯಾಟಲ್‌ಗೆ ಹೊರಟಿದ್ದ ತಂಡ ಹಾಗೆ ಉಳಿಯಿತು. ಹೊಸ ಅಖಾಡಕ್ಕೆ ನಗರ 25 ಕೋಟಿ ಡಾಲರಿಗೂ ಹೆಚ್ಚು ಕೊಟ್ಟಿತು, ತನ್ನ ಪಾರ್ಕಿಂಗ್ ಆದಾಯವನ್ನು ನಂಬಿ ಸಾಲ ಎತ್ತಿ.

● ಕ್ರಿಕೆಟ್ ಈ ಮಟ್ಟಿಗೆ ಅಮೆರಿಕದಲ್ಲಿ ಹಿತವಾದ ದಾರಿ ಹಿಡಿದಿದೆ. ಟೆಕ್ಸಸ್‌ನ ಗ್ರ್ಯಾಂಡ್ ಪ್ರೇರಿ ಊರು 2008ರಲ್ಲಿ ಕಟ್ಟಿದ್ದ ಚಿಕ್ಕ ಬೇಸ್‌ಬಾಲ್ ಮೈದಾನ ತಂಡವಿಲ್ಲದೆ ಖಾಲಿ ಬಿದ್ದಿತ್ತು. ಅದನ್ನೇ ಕ್ರಿಕೆಟ್‌ಗೆ ಒಗ್ಗಿಸಲಾಯಿತು. 2024ರ ಜೂನ್ 6ರಂದು ಟಿ20 ವಿಶ್ವಕಪ್‌ನಲ್ಲಿ ಅಮೆರಿಕ ಪಾಕಿಸ್ತಾನವನ್ನು ಸೂಪರ್ ಓವರ್‌ನಲ್ಲಿ ಸೋಲಿಸಿದ್ದು ಇಲ್ಲೇ. ಆ ದಿನ 30 ರನ್ನಿಗೆ 3 ವಿಕೆಟ್ ಕಿತ್ತವರು ಚಿಕ್ಕಮಗಳೂರಿನ ಕಾಫಿ ತೋಟದ ಮನೆತನದ ನಾಸ್ತುಷ್ ಕೆಂಜಿಗೆ. ಅದೇ ಕೂಟಕ್ಕಾಗಿ ನ್ಯೂಯಾರ್ಕ್ ಬಳಿಯ ನಾಸೌ ಕೌಂಟಿಯ ಉದ್ಯಾನದಲ್ಲಿ 34,000 ಜನ ಕೂರುವ ತಾತ್ಕಾಲಿಕ ಕ್ರೀಡಾಂಗಣ ನಿಲ್ಲಿಸಿ, ಪಂದ್ಯಗಳು ಮುಗಿದ ಮೇಲೆ ಬಿಚ್ಚಿಕೊಂಡು ಹೋದರು.

● ನಮ್ಮ ಐಪಿಎಲ್‌ನ ಹಂದರ ಬೇರೆ. 2023ರಿಂದ 2027ರ ಪ್ರಸಾರ ಹಕ್ಕು 48,390 ಕೋಟಿ ರೂಪಾಯಿಗೆ ಹೋದರೂ, ಅದರಲ್ಲಿ ಪಾಲು ಪಡೆಯುವ ಫ್ರಾಂಚೈಸಿಗಳು ಆಡುವುದು ರಾಜ್ಯ ಕ್ರಿಕೆಟ್ ಸಂಸ್ಥೆಗಳ ಮೈದಾನದಲ್ಲಿ. ಬೆಂಗಳೂರಿನ ಚಿನ್ನಸ್ವಾಮಿ ಕ್ರೀಡಾಂಗಣ ನಿಂತಿರುವುದು ಸರ್ಕಾರದಿಂದ ಗುತ್ತಿಗೆಗೆ ಪಡೆದ ಜಾಗದಲ್ಲಿ. ಫ್ರಾಂಚೈಸಿಗಳು ತಮ್ಮದೇ ಕ್ರೀಡಾಂಗಣ ಬೇಕೆಂದು ಸರ್ಕಾರದ ಮುಂದೆ ನಿಲ್ಲುವ ದಿನ ಬಂದರೆ ಮೇಲಿನ ಒಂದೊಂದು ಕರಾರನ್ನೂ ನಮ್ಮವರು ಮೊದಲೇ ಓದಿಟ್ಟುಕೊಂಡಿರಬೇಕು ಎಂಬುದು ನನ್ನ ಕಳಕಳಿ.

● ಊರು ಬಿಡುವ ಬೆದರಿಕೆಯನ್ನೇ ಹಾಕಲಾಗದ ತಂಡ ಒಂದಿದೆ. ವಿಸ್ಕಾನ್ಸಿನ್‌ನ ಗ್ರೀನ್ ಬೇ ಪ್ಯಾಕರ್ಸ್ ಫುಟ್‌ಬಾಲ್ ತಂಡ 1923ರಿಂದ ಸಾರ್ವಜನಿಕರದು. ಊರಿನ ಜನಸಂಖ್ಯೆ ಒಂದು ಲಕ್ಷಕ್ಕೆ ಸ್ವಲ್ಪ ಮೇಲೆ, ಷೇರುದಾರರು ಐದು ಲಕ್ಷಕ್ಕೂ ಹೆಚ್ಚು. ಲಾಭಾಂಶ ಒಂದು ಸೆಂಟೂ ಇಲ್ಲ. ತಂಡದ ಲೆಕ್ಕಪತ್ರ ಪ್ರತಿ ವರ್ಷ ಬಹಿರಂಗ. 2000ದಲ್ಲಿ ಹಳೆಯ ಮೈದಾನದ ನವೀಕರಣಕ್ಕೆ ಜನ ಅರ್ಧ ಸೆಂಟ್ ತೆರಿಗೆ ಕೊಟ್ಟರು, ಸಾಲ ತೀರಿ 2015ರಲ್ಲಿ ಆ ತೆರಿಗೆ ನಿಂತಿತು. ಇಂಥ ಒಡೆತನಕ್ಕೆ ಲೀಗಿನ ನಿಯಮದಲ್ಲಿ ಬೇರೆ ಯಾರಿಗೂ ಅವಕಾಶವಿಲ್ಲ.

● ಮತದಾರರು ಬೇಡ ಎಂದದ್ದೂ ಉಂಟು. ಅರಿಜೋನಾದ ಟೆಂಪೆ ಊರು 2023ರಲ್ಲಿ ಕಯೋಟೀಸ್ ಹಾಕಿ ತಂಡದ ಯೋಜನೆ ತಿರಸ್ಕರಿಸಿತು. ಮರುವರ್ಷ ಆಟಗಾರರೆಲ್ಲ ಸಾಲ್ಟ್ ಲೇಕ್ ಸಿಟಿಗೆ ಹೋದರು.

● ಕಾನ್ಸಸ್ ಮತ್ತು ಮಿಸೌರಿ ರಾಜ್ಯಗಳು 2019ರಲ್ಲಿ ಒಂದು ಒಪ್ಪಂದಕ್ಕೆ ಬಂದಿದ್ದವು: ಗಡಿಯ ಆಚೆಗಿರುವ ಕಂಪನಿಗಳನ್ನು ತೆರಿಗೆ ರಿಯಾಯಿತಿಯ ಆಸೆ ತೋರಿಸಿ ಎಳೆದುಕೊಳ್ಳುವುದು ಬೇಡ ಎಂದು. 2024ರ ಏಪ್ರಿಲ್ 2ರಂದು ಮಿಸೌರಿಯ ಜಾಕ್ಸನ್ ಕೌಂಟಿ ಮತದಾರರು ಚೀಫ್ಸ್ ಫುಟ್‌ಬಾಲ್ ಮತ್ತು ರಾಯಲ್ಸ್ ಬೇಸ್‌ಬಾಲ್ ತಂಡಗಳಿಗಾಗಿ ಮಾರಾಟ ತೆರಿಗೆ ಮುಂದುವರಿಸಲು ಒಪ್ಪಲಿಲ್ಲ. ನೂರಕ್ಕೆ 58 ಮತ ವಿರುದ್ಧ. ಆ ಒಪ್ಪಂದವಿದ್ದರೂ ಸುಮಾರು ಎರಡೂವರೆ ತಿಂಗಳಲ್ಲೇ ಕಾನ್ಸಸ್ ಶಾಸನಸಭೆ, ಕ್ರೀಡಾಂಗಣ ವೆಚ್ಚದ ಶೇ. 70ರವರೆಗೆ ರಾಜ್ಯದ ಬಾಂಡ್ ಮೂಲಕ ಕೊಡುವ ಕಾನೂನು ಪಾಸು ಮಾಡಿತು. ಮಿಸೌರಿ 2025ರ ಜೂನ್‌ನಲ್ಲಿ ವಿಶೇಷ ಅಧಿವೇಶನ ಕರೆದು ಶೇ. 50ರವರೆಗೆ ಕೊಡುತ್ತೇವೆ ಎಂದಿತು. ಅದೇ ಡಿಸೆಂಬರ್‌ನಲ್ಲಿ ಚೀಫ್ಸ್ ತಾನು 2031ರಿಂದ ಕಾನ್ಸಸ್‌ನಲ್ಲಿ ಆಡುವುದಾಗಿ ಪ್ರಕಟಿಸಿತು.